ನಿಮ್ಮ ಬೋರ್ಡಿನಲ್ಲಿ ಬೆಲ್ಲ ಬಿಟ್ಟುಹೋಗಿದೆ

ತಾಲ್ಲೂಕಿನ ಆರೋಗ್ಯವನ್ನು ನೋಡಿಕೊಳ್ಳುವ ಅಧಿಕಾರಿಗಳಾದ ಮಾನ್ಯರೇ,

ನಿಮ್ಮಿಂದಾಗಿ ನನ್ನ ವ್ಯಾಪಾರ ಹೆಚ್ಚಾಗಿದೆ. ದಯವಿಟ್ಟು ಇದನ್ನು ವಂದನಾಪತ್ರ ಎಂದು ತಿಳಿಯಬೇಡಿ, ಇದು ದೂರು. ನಾನು ಪ್ರತಿವರ್ಷ ಸಂಕ್ರಾಂತಿ ಕಳೆದ ಮೇಲೆ ಆಲೆಮನೆ ಹೂಡಿ, ಗಾಣದಲ್ಲಿ ಕಬ್ಬು ಅರೆದು, ಜೇನಿನಂತೆ ಸುರಿಯುವ ಜೋನಿಬೆಲ್ಲ ಕಾಯಿಸಿ ಮಾರುವವನು. ನಮ್ಮೂರಿನ ಉಪಕೇಂದ್ರದ ಗೋಡೆಗೆ ನಿಮ್ಮ ಇಲಾಖೆ ಬೋರ್ಡು ಹಾಕಿಸಿದ ಮೇಲೆ ನನಗೆ ಹೊಸ ಗಿರಾಕಿಗಳು ಸಿಕ್ಕಿದ್ದಾರೆ. ಹೊಸನಗರದಿಂದ, ಸಾಗರದಿಂದ, ತೀರ್ಥಹಳ್ಳಿ ಕಡೆಯಿಂದಲೂ ಕ್ಯಾನು ಹಿಡಿದುಕೊಂಡು ಬರುತ್ತಾರೆ. ಇವರಲ್ಲಿ ಬಹುಪಾಲು ಜನ ಸಕ್ಕರೆ ಕಾಯಿಲೆಯವರು.

ತಾವು ಹಲವು ಬೋರ್ಡುಗಳಿಗೆ ಸಹಿ ಹಾಕಿರುತ್ತೀರಿ, ಇದೊಂದೇ ನೆನಪಿರಲಿಕ್ಕಿಲ್ಲ. "ಸಕ್ಕರೆ ಬಿಡಿ, ಸಕ್ಕರೆ ಕಾಯಿಲೆ ತಡೆಯಿರಿ" ಎಂದು ಬರೆದಿದೆ. ಪಕ್ಕದಲ್ಲಿ ಚಮಚದ ತುಂಬ ಬಿಳಿ ಸಕ್ಕರೆಯ ಚಿತ್ರ, ಅದರ ಮೇಲೆ ಕೆಂಪು ಗೀಟು. ಬರೆದವರ ಕೈ ಚೆನ್ನಾಗಿದೆ, ಓದು ಬಾರದವರಿಗೂ ತಿಳಿಯುತ್ತದೆ. ತೊಂದರೆ ಆಗಿರುವುದೇ ಅದರಿಂದ. ಎಲ್ಲರಿಗೂ ತಿಳಿದಿದೆ, ಎಲ್ಲರೂ ಪಾಲಿಸಿದ್ದಾರೆ. ಸರ್ಕಾರದ ಮಾತನ್ನು ನಮ್ಮ ಜನ ಇಷ್ಟು ನಿಷ್ಠೆಯಿಂದ ಪಾಲಿಸಿದ್ದನ್ನು ನಾನು ಬೇರೆ ಯಾವ ವಿಷಯದಲ್ಲೂ ಕಂಡಿಲ್ಲ. ಸಕ್ಕರೆ ಡಬ್ಬಿ ಖಾಲಿಯಾಯಿತು. ಅದೇ ಡಬ್ಬಿಗೆ ಬೆಲ್ಲ ತುಂಬಿತು. ಚಹಾಕ್ಕೆ ಬೆಲ್ಲ, ಪಾಯಸಕ್ಕೆ ಬೆಲ್ಲ, ದೋಸೆ ಈಜಾಡುವಷ್ಟು ಜೋನಿಬೆಲ್ಲ.

ಕಾಯಿಲೆಗೆ ಹೆಸರಿಟ್ಟವರು ಯಾರೋ ನನಗೆ ತಿಳಿಯದು. ನಿಮ್ಮ ಕರಪತ್ರಗಳಲ್ಲಿ ಅದನ್ನು ಮಧುಮೇಹ ಎಂದೂ ಬರೆದಿರುತ್ತೀರಿ. ಮಧು ಎಂದರೆ ಜೇನು. ಹೀಗಾಗಿ ಸಂಸ್ಕೃತ ಬಲ್ಲವರು ಜೇನು ಬಿಟ್ಟರು, ಕನ್ನಡ ಬಲ್ಲವರು ಸಕ್ಕರೆ ಬಿಟ್ಟರು, ಅನ್ನವನ್ನು ಮಾತ್ರ ಯಾರೂ ಬಿಡಲಿಲ್ಲ. ಬೆಳಿಗ್ಗೆ ಅಕ್ಕಿಯ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ನಡುವೆ ನೆಂಟರು ಬಂದರೆ ಅಕ್ಕಿರೊಟ್ಟಿ. ಅನ್ನದ ಕಾಯಿಲೆ ಎಂದು ಯಾವ ಗೋಡೆಯ ಮೇಲೂ ಇಲ್ಲವಲ್ಲ! ಕೂತಲ್ಲೇ ಕೂತವರ ಕಾಯಿಲೆ ಎಂದೂ ಇಲ್ಲ. ಒಂದೇ ಒಂದು ಹೆಸರು ಇಟ್ಟು, ಆ ಹೆಸರಿನ ವಸ್ತುವನ್ನು ಬಿಟ್ಟವರಿಗೆಲ್ಲ ಮುಕ್ತಿ ಸಿಕ್ಕಿತೆಂದು ನಂಬಿಸಿದ್ದೀರಿ.

ಕಳೆದ ವರ್ಷ ವರದಹಳ್ಳಿ ಹತ್ತಿರದ ಊರಿನಿಂದ ಗಿರಿಧರ ಹೆಗಡೆಯವರು ಹೆಂಡತಿ ಮಹಾಲಕ್ಷ್ಮಮ್ಮನವರ ಜೊತೆ ಕಾರಿನಲ್ಲಿ ಬಂದಿದ್ದರು. ಇಬ್ಬರಿಗೂ ಶುಗರ್. ಎರಡು ಕ್ಯಾನು ಬೆಲ್ಲ ಕೇಳಿದರು. "ಅಮ್ಮಾ, ಈ ಕಾಯಿಲೆಗೆ ಬೆಲ್ಲವೂ ಆಗಲ್ಲ" ಎಂದೆ. ಅಮ್ಮ ಯಜಮಾನರ ಮುಖ ನೋಡಿದರು. ಅವರು ನಕ್ಕು, "ಎಂತೂ ಆಗ್ತಿಲ್ಲೆ, ತಗ. ಬೋರ್ಡಲ್ಲಿ ಬೆಲ್ಲ ಬ್ಯಾಡ ಹೇಳಿ ಎಲ್ಲೂ ಇಲ್ಲೆ" ಎಂದು ತಮ್ಮ ಮನೆಮಾತಿನಲ್ಲಿ ಹೆಂಡತಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಉಮೇಶಾ, ತನ್ನ ಮಾಲು ಬೇಡ ಅನ್ನೋ ವ್ಯಾಪಾರಸ್ಥನ್ನ ನಾನು ಇದೇ ಮೊದಲು ನೋಡಿದ್ದು. ನಿನ್ನ ಬೆಲ್ಲದಲ್ಲಿ ಕಲಬೆರಕೆ ಇರೋ ಮಾತೇ ಇಲ್ಲ ಬಿಡು" ಎಂದು ಮೂರನೆಯ ಕ್ಯಾನನ್ನೂ ಕಾರಿನಿಂದ ಇಳಿಸಿದರು. ಊರಿಗೆ ಹೋಗಿ ಇದನ್ನೇ ಹತ್ತು ಜನರಿಗೆ ಹೇಳಿದ್ದಾರೆ. ಅವರೂ ಬಂದರು. ಸತ್ಯ ಹೇಳಿದರೆ ವ್ಯಾಪಾರ ಕೆಡುತ್ತದೆ ಎಂದು ಹಿರಿಯರು ಹೇಳಿದ್ದನ್ನು ನಂಬಿಕೊಂಡಿದ್ದೆ, ಅದೂ ಸುಳ್ಳಾಯಿತು.

ನಿಮ್ಮ ಇಲಾಖೆಯ ಕೊಡುಗೆ ಬೋರ್ಡಿಗೇ ನಿಲ್ಲಲಿಲ್ಲ. ನಮ್ಮೂರ ಶಾಲೆಯಲ್ಲಿ ಸಕ್ಕರೆ ಕಾಯಿಲೆ ಅರಿವಿನ ಶಿಬಿರ ನಡೆಯಿತು. ಬಂದವರಿಗೆಲ್ಲ ಉಪಚಾರ ಇತ್ತು. ಸಕ್ಕರೆ ಹಾಕಿದ ಕಾಫಿ ಕೊಟ್ಟರೆ ಶಿಬಿರದ ಮರ್ಯಾದೆ ಏನಾದೀತು? ಆದ್ದರಿಂದ ಬೆಲ್ಲದ ಕಾಫಿ, ಜೊತೆಗೆ ಅರೆದ ಅಕ್ಕಿಗೆ ಬೆಲ್ಲ ಹಾಕಿ ಕಾಯಿಸಿದ ಹಾಲುಬಾಯಿ. ಬೆಲ್ಲ ಎಲ್ಲಿಯದು ಎಂದು ನಾನು ಹೇಳಬೇಕಿಲ್ಲ. ಬೆರಳು ಚುಚ್ಚಿಸಿಕೊಂಡು, ಶುಗರ್ ಜಾಸ್ತಿ ಇದೆ ಎಂದು ತಿಳಿದುಕೊಂಡು, ಮುಖ ಸಪ್ಪೆ ಮಾಡಿಕೊಂಡು ಬಂದವರಿಗೆ ಬಾಗಿಲಲ್ಲೇ ಹಾಲುಬಾಯಿ ಹಂಚಿದರು. ಆ ಸಾಲಿನಲ್ಲಿ ನನ್ನ ಅಣ್ಣ ಕೆರಿಯಪ್ಪನೂ ಇದ್ದ.

ಈ ಪತ್ರ ಬರೆಯುತ್ತಿರುವುದು ಅವನಿಗಾಗಿ.

ಅಣ್ಣ ಗಟ್ಟಿ ಆಳು. ಹಿಂದೆ ಹೋರಿ ಕಟ್ಟಿ ಉಳುತ್ತಿದ್ದ, ಸೊಪ್ಪಿನ ಹೊರೆ ಹೊತ್ತು ಗುಡ್ಡ ಇಳಿಯುತ್ತಿದ್ದ, ಸಂತೆಗೆ ನಡೆದೇ ಹೋಗಿ ಬರುತ್ತಿದ್ದ. ಆಗ ತಟ್ಟೆ ತುಂಬ ಅನ್ನ ಉಂಡರೂ ಸಂಜೆಯೊಳಗೆ ಮೈ ಅದನ್ನು ಕರಗಿಸಿಬಿಡುತ್ತಿತ್ತು. ಈಗ ಟಿಲ್ಲರ್ ಇದೆ, ಬೈಕ್ ಇದೆ, ಗದ್ದೆಯ ನೀರು ನೋಡಲೂ ಬೈಕಿನಲ್ಲೇ ಹೋಗುತ್ತಾನೆ. ಕೆಲಸ ಅರ್ಧವಾಯಿತು, ತಟ್ಟೆ ಅರ್ಧವಾಗಲಿಲ್ಲ. ಉಂಡು ಮಲಗಿ ಎದ್ದು ಟಿವಿ ಮುಂದೆ ಕೂರುತ್ತಾನೆ. ಅಪ್ಪನಿಗೂ ಇದೇ ಕಾಯಿಲೆ ಇತ್ತು, ಹಾಗಾಗಿ ನಮ್ಮ ಮನೆಯವರು ಮೊದಲೇ ಎಚ್ಚರ ಇರಬೇಕಿತ್ತು ಎಂದು ಶಿವಮೊಗ್ಗದ ಡಾಕ್ಟರು ಆಮೇಲೆ ಹೇಳಿದರು. ಈ ಯಾವ ಮಾತೂ ನಿಮ್ಮ ಬೋರ್ಡಿನಲ್ಲಿ ಇಲ್ಲ. ಚಮಚದ ಚಿತ್ರಕ್ಕೇ ಜಾಗ ಸಾಲಲಿಲ್ಲವೇನೋ.

ಶಿಬಿರದ ಮಾರನೆಯ ದಿನವೇ ಅಣ್ಣ ಸಕ್ಕರೆ ಬಿಟ್ಟ. ಇವತ್ತಿಗೂ ಮುಟ್ಟಿಲ್ಲ. ಅವನ ಹಟ ನನಗೆ ಗೊತ್ತು. ನಾನು ಬೆಲ್ಲದ ಸುದ್ದಿ ತೆಗೆದಾಗ ನಗುತ್ತಾನೆ. "ಇದು ಸಕ್ಕರೆ ಕಾಯ್ಲೆ ಕಣಾ. ಬೆಲ್ಲದ ಕಾಯ್ಲೆ ಅಂತ ಯಾವನಾದ್ರೂ ಅಂದಿದಾನೇನಾ?" ಒಮ್ಮೆ ನಾನು ಜೋರು ಮಾಡಿದೆ. ಆಗ ನಗಲಿಲ್ಲ. "ಪಾಲಾದ್ಮೇಲೆ ಒಂದ್ ತಂಬಿಗೆ ಬೆಲ್ಲಕ್ಕೂ ಹಿಂದೆಮುಂದೆ ನೋಡ್ತೀಯಲ್ಲಾ ತಮ್ಮಾ" ಎಂದ. ಮಾನ್ಯರೇ, ಆಸ್ತಿ ಪಾಲಾದ ಮೇಲೆ ಅಣ್ಣನಿಂದ ಈ ಮಾತು ಕೇಳಿಸಿಕೊಂಡವನಿಗೆ ಮತ್ತೆ ಬಾಯಿ ತೆರೆಯುವುದು ಎಷ್ಟು ಕಷ್ಟ ಎಂದು ನಿಮ್ಮ ಯಾವ ಸುತ್ತೋಲೆಯಲ್ಲೂ ಬರೆದಿರುವುದಿಲ್ಲ. ಮೇಲಾಗಿ ನಮ್ಮ ಕಡೆ ಆಲೆಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸಬಾರದು. ದಾರಿಹೋಕನಿಗೂ ಒಂದು ಲೋಟ ಕಬ್ಬಿನ ಹಾಲು, ಅಂಗೈ ಮೇಲೆ ಬಿಸಿ ನೊರೆಬೆಲ್ಲ ಕೊಡಬೇಕು. ಒಡಹುಟ್ಟಿದವನಿಗೆ ಹೇಗೆ ಇಲ್ಲ ಎನ್ನಲಿ? ಕೊಟ್ಟೆ.

ಈ ವರ್ಷದ ಆಲೆಮನೆ ನಡೆಯುತ್ತಿದ್ದಾಗ ಅಣ್ಣ ಒಲೆಯ ಹತ್ತಿರ ನಿಂತು ಯಾರದೋ ಮನೆಯ ಮದುವೆಯ ಕತೆ ಹೇಳುತ್ತಿದ್ದ. ಕೈಯಲ್ಲಿ ಬಾಳೆಲೆ ಚೂರು, ಅದರಲ್ಲಿ ನೊರೆಬೆಲ್ಲ. ನನಗೆ ಸುಟ್ಟ ವಾಸನೆ ಬಂತು. ಬೆಲ್ಲ ಕಾಯುವ ಕೊಪ್ಪರಿಗೆ ತಳ ಹಿಡಿಯಿತೆಂದು ಗಾಬರಿಯಾಗಿ ಮರದ ಹುಟ್ಟಿನಿಂದ ತಿರುವಿದೆ. ತಳ ಹಿಡಿದಿರಲಿಲ್ಲ. ಒಲೆಯಿಂದ ಉರುಳಿದ ಕೆಂಡದ ಮೇಲೆ ಅಣ್ಣನ ಎಡಗಾಲು ಇತ್ತು. ನಾನು ಕೂಗಿದ ಮೇಲೆ ಬಗ್ಗಿ ನೋಡಿ ಕಾಲು ಕೊಡವಿದ. "ಎಂತದೂ ಆಗಿಲ್ಲ ಮಾರಾಯ, ಚೂರೂ ನೋವಿಲ್ಲ" ಎಂದು ಎಲ್ಲರೆದುರು ಹೆಮ್ಮೆಯಿಂದ ಹೇಳಿದ. ಅಲ್ಲಿದ್ದವರು ಗಟ್ಟಿ ಜೀವ ಎಂದು ಹೊಗಳಿದರು. ಕಾಯಿಲೆ ಅವನ ಪಾದದ ಸ್ಪರ್ಶವನ್ನು ಯಾವತ್ತೋ ತಿಂದು ಮುಗಿಸಿತ್ತು ಎಂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಗಾಯ ಮಾಗಲಿಲ್ಲ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಶುಗರ್ ಹತೋಟಿಗೆ ಬಾರದಿದ್ದರೆ ಇನ್ನೊಂದು ಗಾಯಕ್ಕೆ ಪಾದವೇ ಹೋಗಬಹುದು ಎಂದು ಅಲ್ಲಿನ ಡಾಕ್ಟರು ಹೇಳಿದರು. ರಕ್ತಕ್ಕೆ ಸಕ್ಕರೆ, ಬೆಲ್ಲ ಎಂಬ ಭೇದ ಗೊತ್ತಿಲ್ಲ, ರಾಶಿ ಅನ್ನವೂ ಅಲ್ಲಿಗೇ ಹೋಗಿ ಸೇರುತ್ತದೆ ಎಂದು ಬಿಡಿಸಿ ಹೇಳಿದರು. ಅಣ್ಣ ತಲೆಯಾಡಿಸಿದ. ಮನೆಗೆ ಬಂದು ಚಹಾ ಕೇಳಿದ. ಅತ್ತಿಗೆ ದುಗ್ಗಮ್ಮ ಬೆಲ್ಲ ಹಾಕದೆ ಕೊಟ್ಟರು. ಅದನ್ನು ಅಂಗಳಕ್ಕೆ ಚೆಲ್ಲಿದ. ಅತ್ತಿಗೆ ನನ್ನ ಮನೆಗೆ ಬಂದು ಅತ್ತರು. "ನಾ ಹೇಳಿದ್ರೆ ಚೆಲ್ತಾರೆ, ನೀ ಹೇಳಿದ್ರೆ ಪಾಲಿನ ಮಾತು ಬರುತ್ತೆ. ಶಿವಮೊಗ್ಗದ ಡಾಕ್ಟ್ರು ಪ್ರೈವೇಟು, ದುಡ್ಡಿಗೆ ಹೆದ್ರುಸ್ತಾರಂತೆ. ಸರ್ಕಾರ ಬಂದು ಹೇಳ್ಲಿ, ಬಿಡ್ತೀನಿ ಅಂತಾರೆ ಉಮೇಶಾ. ಸರ್ಕಾರನ ನಾ ಎಲ್ಲಿಂದ ಕರ್ಕೊಂಡ್ ಬರ್ಲಿ?" ನನಗೂ ಅಳು ಬಂತು. ನನಗೆ ಅಣ್ಣ ಬೇಕು, ಎರಡು ಕಾಲಿನ ಅಣ್ಣ ಬೇಕು.

ಹಾಗಾದರೆ ಆಲೆಮನೆ ನಿಲ್ಲಿಸು ಎಂದು ತಾವು ಹೇಳಬಹುದು. ನಾನು ನಿಲ್ಲಿಸಿದರೆ ಪಕ್ಕದೂರಿನಲ್ಲಿ ಇನ್ನೊಂದಿದೆ, ಅಲ್ಲಿಯವರು ಬೆಲ್ಲ ಬೇಡ ಎಂದು ಹೇಳುವುದೂ ಇಲ್ಲ. ದುಡಿದು ಬೆವರುವವನು ಹದವಾಗಿ ತಿಂದರೆ ಬೆಲ್ಲದ ಮೇಲೆ ನನ್ನ ತಕರಾರಿಲ್ಲ. ಅದನ್ನು ಔಷಧಿ ಎಂದು ಕುಡಿಯುವವರನ್ನು ನೋಡಲಾರೆ.

ಆದ್ದರಿಂದ ನನ್ನ ಬೇಡಿಕೆ ಎರಡು. ಬೋರ್ಡನ್ನು ತಿದ್ದಿಸಿ. ಬೆಲ್ಲವನ್ನು ಸೇರಿಸಿ, ಅನ್ನದ ರಾಶಿಯನ್ನು ಸೇರಿಸಿ, ನಡೆಯದ ಕಾಲನ್ನೂ ಸೇರಿಸಿ. ಬಣ್ಣ ನಾನು ಕೊಡುತ್ತೇನೆ. ಅದಕ್ಕೆ ಮಂಜೂರಾತಿ ಬರುವುದು ತಡವಾದರೆ ಆಗಲಿ, ಆದರೆ ಎರಡನೆಯದು ತಡವಾಗಬಾರದು. ಬರುವ ಸಂಕ್ರಾಂತಿಯ ನಂತರ ನನ್ನ ಗಾಣ ತಿರುಗುವ ದಿನ ತಾವು ಖುದ್ದಾಗಿ ಬರಬೇಕು. ಇಲಾಖೆಯ ಜೀಪಿನಲ್ಲೇ ಬನ್ನಿ, ಅಣ್ಣನಿಗೆ ಅದು ದೂರದಿಂದಲೇ ಕಾಣಲಿ. ಕೋಲೂರಿಕೊಂಡು ಅವನು ಬಂದೇ ಬರುತ್ತಾನೆ. ಭಾಷಣ ಬೇಡ. ನಮ್ಮ ಪದ್ಧತಿಯಂತೆ ನಿಮ್ಮ ಕೈಗೂ ಒಂದು ಲೋಟ ಕಬ್ಬಿನ ಹಾಲು ಕೊಡುತ್ತೇವೆ, ಒತ್ತಾಯವನ್ನೂ ಮಾಡುತ್ತೇವೆ. ಆಗ ಅವನ ಎದುರಿಗೇ "ಬೇಡ" ಅನ್ನಿ. ನನಗೆ ಬೇಜಾರಾಗುವುದಿಲ್ಲ. ಒಬ್ಬ ದೊಡ್ಡ ಮನುಷ್ಯ ಬೇಡ ಎಂದದ್ದನ್ನು, ಹಾಗೆ ಅಂದರೂ ಯಾರ ಮರ್ಯಾದೆಯೂ ಹೋಗಲಿಲ್ಲ ಎಂಬುದನ್ನು ಅವನು ಹುಟ್ಟಿದಾಗಿನಿಂದ ಒಮ್ಮೆಯೂ ನೋಡಿಲ್ಲ.

ಇಂತಿ,
ತನ್ನ ವ್ಯಾಪಾರ ಕಡಿಮೆಯಾಗಲೆಂದು ಸರ್ಕಾರಕ್ಕೆ ಮೊರೆಯಿಡುತ್ತಿರುವ,
ಕೆರಿಯಪ್ಪನ ತಮ್ಮ ಉಮೇಶ್