ಹಿತಕಿದ ಬೇಳೆ ಮೊಳೆಯುವುದಿಲ್ಲ

ಈ ನಗರದ ಭವಿಷ್ಯವನ್ನು ನೋಡಿಕೊಳ್ಳುವ ಇಲಾಖೆಯ ಮುಖ್ಯಸ್ಥರೇ,

ನಮ್ಮ ಬೀದಿಯ ಬಾವಿಯನ್ನು ನೀವು ಮುಚ್ಚಿದ್ದೀರಿ. ಅದರ ಬಾಯಿಗೆ ಒಂದು ಸ್ಟೀಲ್ ಪೆಟ್ಟಿಗೆ ಇಟ್ಟು, ಸುತ್ತ ಕಾಂಕ್ರೀಟ್ ಸುರಿದು, ಮೇಲೆ ಕರಿಕಲ್ಲು ಹಾಸಿ, '೨೧೨೫ರವರೆಗೆ ತೆರೆಯಬಾರದು' ಎಂದು ಕೆತ್ತಿಸಿದ್ದೀರಿ. ನಮ್ಮ ಕಾಲದ ಹವೆ, ಊಟ, ಗಿಡಮರ ಹೇಗಿದ್ದವು ಎಂದು ಮುಂದಿನ ಶತಮಾನದವರಿಗೆ ತಿಳಿಸುವ ನೆನಪಿನ ಪೆಟ್ಟಿಗೆಯಂತೆ ಅದು. ಒಳ್ಳೆಯದು. ಆದರೆ ಮಾನ್ಯರೇ, ಆ ಬಾವಿಯಲ್ಲಿ ನೀರಿತ್ತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ಹೇಳಿಕೊಂಡು ನಾವು ಇಷ್ಟು ದಿನ ಬೇರೆಯವರನ್ನು ನೋಡಿ ನಗುತ್ತಿದ್ದೆವು. ಬೆಂಕಿ ಬಿದ್ದಾಗ, ಮೊದಲೇ ತೋಡಿದ್ದ ಬಾವಿಯನ್ನೇ ಮುಚ್ಚಿದವರ ಬಗ್ಗೆ ನಮ್ಮ ಹಿರಿಯರು ಗಾದೆ ಕಟ್ಟಿಲ್ಲ. ಪಾಪ, ಅಂಥವರೂ ಹುಟ್ಟಬಹುದು ಎಂದು ಅವರಿಗೆ ಹೊಳೆದಿರಲಾರದು.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅನಾಮಧೇಯ ಪತ್ರ ಎಂದು ಕಡತಕ್ಕೆ ಸೇರಿಸುವುದು ಬೇಡ. ಹೆಸರು ರಾಮಸ್ವಾಮಿ. ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ನಮ್ಮ ತಂದೆ ತೆರೆದ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕೋಡುಬಳೆ, ನಿಪ್ಪಟ್ಟು, ಅವರೆಬೇಳೆ ಮಿಕ್ಸ್‌ಚರ್ ಮಾರುತ್ತ ಮುದುಕನಾದವನು. ಹವಾಮಾನ ಶಾಸ್ತ್ರ ಓದಿದವನಲ್ಲ. ಆದರೆ ನನ್ನ ಅಂಗಡಿ ನಿಂತಿರುವುದೇ ಈ ಊರಿನ ಚಳಿಯ ಮೇಲೆ. ಧನುರ್ಮಾಸದ ಮಂಜು ಬೀಳಬೇಕು, ಆ ಮಂಜು ಕುಡಿದು ಅವರೆಕಾಯಿ ಮೈಮೇಲೆ ಒಂದು ಅಂಟು ಬರಬೇಕು, ಆ ಅಂಟಿನಲ್ಲಿ ಒಂದು ಘಮ ಹುಟ್ಟಬೇಕು. ಅದಕ್ಕೇ ನಾವು ಸೊಗಡು ಅನ್ನುವುದು. ಈ ಊರಿನ ಹಳಬರು ಅವರೆಕಾಯಿ ಕೊಳ್ಳುವಾಗ ಬೆಲೆ ಕೇಳುವುದಿಲ್ಲ. ಮೊದಲು ಗುಡ್ಡೆಯಿಂದ ಒಂದು ಕಾಯಿ ತೆಗೆದು ಬೆರಳಲ್ಲಿ ಉಜ್ಜಿ ಮೂಗಿನ ಹತ್ತಿರ ಹಿಡಿಯುತ್ತಾರೆ. ಸೊಗಡಿದ್ದರೆ ಮಾತು ಮುಂದುವರಿಯುತ್ತದೆ, ಇಲ್ಲದಿದ್ದರೆ ಮುಂದಿನ ಗುಡ್ಡೆ.

ಈ ವರ್ಷ ಕೃಷ್ಣರಾಜ ಮಾರುಕಟ್ಟೆಯಲ್ಲಿ ನಾನು ಎಲ್ಲ ಗುಡ್ಡೆಗಳನ್ನೂ ದಾಟಿ ಹೋದೆ. ಕೊನೆಗೆ ನಮಗೆ ಯಾವಾಗಲೂ ಕಾಯಿ ಕೊಡುವ ಮಾಗಡಿ ಕಡೆಯ ಹನುಮಕ್ಕನ ಮುಂದೆ ನಿಂತು, "ಏನಮ್ಮಾ, ಸೊಗಡೇ ಇಲ್ವಲ್ಲ?" ಎಂದೆ.

"ಸೊಗಡಿಲ್ದೆ ಏನು ಸಾಮಿ? ನಿಮ್ ಮೂಗೇ ಹಳೇದಾಗೈತೆ, ಹೋಗಿ ತೋರಿಸ್ಕೊಳ್ಳಿ" ಎಂದು ಹನುಮಕ್ಕ ಜೋರು ಮಾಡಿದಳು. ಅಕ್ಕಪಕ್ಕದವರು ನಕ್ಕರು. ನಾನೂ ನಕ್ಕೆ. ಆಮೇಲೆ ಅವಳೇ ಒಂದು ಕಾಯಿ ಉಜ್ಜಿ ಮೂಸಿದಳು, ಇನ್ನೊಂದು ಮೂಸಿದಳು, ಸೆರಗಿಗೆ ಕೈ ಒರೆಸಿಕೊಂಡಳು. "ಮಂಜೇ ಬೀಳ್ನಿಲ್ಲ ಸಾಮಿ. ಹೂವಾದಾಗ ಮಳೆ ಹೊಡೀತು, ಕಾಯಾಗೋ ಹೊತ್ಗೆ ಬಿಸ್ಲು. ಇದು ಯಾವ ತಿಂಗ್ಳು ಅಂತ ಗಿಡಕ್ಕೇ ಗೊತ್ತಾಗ್ತಾ ಇಲ್ಲ" ಎಂದಳು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಎಂದು ಹೇಳಿಕೊಂಡು ಬೆಳೆದವರು ನಾವು. ಹೋಗುವುದಿರಲಿ, ಅದು ಈ ಸಲ ಬಂದಿತ್ತೇ? ಸ್ವೆಟರುಗಳು ಪೆಟ್ಟಿಗೆಯಿಂದ ಹೊರಗೇ ಬರಲಿಲ್ಲ. ನನಗೆ ಭಯವಾಗಿದ್ದು ಅಂದು, ಆ ಮಾರುಕಟ್ಟೆಯ ಗದ್ದಲದಲ್ಲಿ.

ಇದಾದ ವಾರದಲ್ಲೇ ನಿಮ್ಮ ಇಲಾಖೆಯ ಯುವಕರೊಬ್ಬರು ಅಂಗಡಿಗೆ ಬಂದರು. ಬಹಳ ವಿನಯವಂತರು, ಅವರ ಮೇಲೆ ನನ್ನ ದೂರಿಲ್ಲ. "ಸಾರ್, ನಿಮ್ದು ಹೆರಿಟೇಜ್ ಅಂಗಡಿ. ಪೆಟ್ಟಿಗೇಲಿ ಇಡೋಕೆ ಒಂದು ಜಾರ್ ಅವರೆ ಬೀಜ ಕೊಡಿ. ನೂರು ವರ್ಷ ಆದ್ಮೇಲೆ ಜನ ಬಿತ್ತಿ ಬೆಳ್ಕೋತಾರೆ" ಎಂದರು. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಹನುಮಕ್ಕನಿಗೆ ಹೇಳಿ ಅವಳ ಮನೆಯಲ್ಲಿ ಬೂದಿ ಬೆರೆಸಿ ಇಟ್ಟಿದ್ದ ಹಳೆಯ ತಳಿಯ ಬಿತ್ತನೆ ಬೀಜವನ್ನೇ ತರಿಸಿ ಕೊಟ್ಟೆ. ಮಾರನೆಯ ದಿನ ಅದೇ ಯುವಕರು ಅದೇ ಡಬ್ಬಿ ಹಿಡಿದುಕೊಂಡು ವಾಪಸು ಬಂದರು.

"ಇದು ಮಂಕಾಗಿ ಕಾಣ್ತಿದೆ ಸಾರ್. ಗಾಜಿನ ಜಾರು, ಲೈಟಿಂಗ್ ಎಲ್ಲಾ ಇರುತ್ತೆ. ಸಿಪ್ಪೆ ತೆಗೆದು ಕೊಡ್ತೀರಾ? ನೀಟಾಗಿರುತ್ತೆ."

"ಸಿಪ್ಪೆ ತೆಗೆದ್ರೆ ಬೇಳೆ ಆಗುತ್ತೆ ಕಣಪ್ಪ. ಅದು ಸಾರಿಗೆ. ಮಣ್ಣಿಗಲ್ಲ."

"ಅದನ್ನ ಎಕ್ಸ್‌ಪರ್ಟ್ಸ್ ನೋಡ್ಕೋತಾರೆ ಬಿಡಿ ಸಾರ್" ಎಂದು ಅವರು ಗಾಜಿನ ಬೀರುವಿನಲ್ಲಿದ್ದ ಒಂದು ಪೊಟ್ಟಣ ತೆಗೆದುಕೊಂಡು ಹೋದರು. ಹಳದಿ ಬಣ್ಣದ, ಹೊಳೆಯುವ, ನೀಟಾದ ಬೇಳೆ. ತೋರಿಕೆಗೆ ಇರಬೇಕು ಎಂದು ನಾನು ಸುಮ್ಮನಾದೆ. ಪೆಟ್ಟಿಗೆ ಹೂಳುವ ಸಮಾರಂಭದ ದಿನ ಜಾರಿನ ಮೇಲಿನ ಚೀಟಿ ಓದಿದೆ: 'ನಾಡ ತಳಿಯ ಬಿತ್ತನೆ ಬೀಜ'. ಮಾನ್ಯರೇ, ನೀವು ಮುಂದಿನ ಶತಮಾನಕ್ಕೆ ಬಿತ್ತುವುದಕ್ಕೆಂದು ಕಳಿಸಿರುವುದು ನೀರಲ್ಲಿ ನೆನೆಸಿ, ಹಿತಕಿ, ಸಿಪ್ಪೆ ಬಿಸಾಡಿ, ಎಣ್ಣೆಯಲ್ಲಿ ಕರಿದು, ಉಪ್ಪು ಹಾಕಿದ ಬೇಳೆ. ಹಿತಕಿದ ಬೇಳೆ ಮೊಳೆಯುವುದಿಲ್ಲ ಎಂದು ಈ ಪೇಟೆಯ ಯಾವ ಅಡಿಗೆಮನೆಯಲ್ಲಿ ಕೇಳಿದ್ದರೂ ಹೇಳುತ್ತಿದ್ದರು. ಬದಲಾಯಿಸಿಕೊಳ್ಳಿ ಎಂದು ನಿಮ್ಮ ಕಚೇರಿಗೆ ಓಡಿಬಂದೆ. ಪೆಟ್ಟಿಗೆಗೆ ಮೊಹರು ಬಿದ್ದಿದೆ, ಆದೇಶದ ಪ್ರಕಾರ ನೂರು ವರ್ಷ ತೆರೆಯುವಂತಿಲ್ಲ ಎಂದರು. ತಪ್ಪು ಗೊತ್ತಾದ ದಿನವೇ ಅದನ್ನು ತಿದ್ದುವುದು ಅಪರಾಧವಾಗುವಂತೆ ನಿಯಮ ಮಾಡಿಟ್ಟಿರುವ ನಿಮ್ಮ ಜಾಣ್ಮೆಗೆ ಏನು ಹೇಳಲಿ?

ಇನ್ನು ಬಾವಿಯ ವಿಷಯ. ಅದು ನಮ್ಮ ಬೀದಿಯ ಉದ್ಯಾನದ ಮೂಲೆಯಲ್ಲಿತ್ತು, ಕಲ್ಲಿನ ಕಟ್ಟೆ, ಕಬ್ಬಿಣದ ರಾಟೆ. ಮನೆಮನೆಗೆ ನಲ್ಲಿ ಬಂದ ಮೇಲೆ ಅದನ್ನು ನಾವೂ ಮರೆತಿದ್ದೆವು, ಒಪ್ಪುತ್ತೇನೆ. ಹಿಂದಿನ ಬೇಸಿಗೆಯಲ್ಲಿ ನಲ್ಲಿ ಗೊರಗೊರ ಎಂದಿತು, ಕೊಳವೆಬಾವಿಗಳು ಬರೀ ಗಾಳಿ ಉಗುಳಿದವು. ಆಗ ಎದುರುಮನೆಯ ಆಂಜಿನಯ್ಯನವರು ಹೊಸ ಹಗ್ಗ ತಂದು ರಾಟೆಗೆ ಎಣ್ಣೆ ಬಿಟ್ಟರು. ಇಡೀ ಬೀದಿ ಆ ಬೇಸಿಗೆಯನ್ನು ಕಳೆದದ್ದು ಆ ನೀರಿನಲ್ಲಿ. ನಮ್ಮ ಮಗಳು ದೀಪ್ತಿ ಬಾಣಂತನಕ್ಕೆ ಬಂದಿದ್ದಳು. ಮಗುವಿನ ಬಟ್ಟೆ ಒಗೆದದ್ದು, ಮಗುವಿಗೆ ಎರೆದದ್ದು ಅದೇ ನೀರಿನಲ್ಲಿ. ಹಸಿ ಬಾಣಂತಿ ಬಾವಿಗೆ ಅರಿಸಿನ ಕುಂಕುಮ ಹಚ್ಚಿ ಗಂಗೆ ಪೂಜೆ ಮಾಡಿ ಮೊದಲ ಕೊಡ ಸೇದುವುದು ನಮ್ಮಲ್ಲಿ ಪದ್ಧತಿ. ಈಚೆಗೆ ಎಲ್ಲರೂ ನಲ್ಲಿಗೇ ಕುಂಕುಮ ಹಚ್ಚಿ ಮುಗಿಸುತ್ತಾರೆ. ದೀಪ್ತಿ ನಿಜವಾದ ಬಾವಿಗೆ ಪೂಜೆ ಮಾಡಿದಳು, ಬೀದಿಯ ಹೆಂಗಸರೆಲ್ಲ ಬಂದು ನಿಂತು ನೋಡಿದರು. ಮಗುವಿನ ಹೆಸರು ಸುಪ್ರಜಾ.

ಉದ್ಯಾನದ ಸೌಂದರ್ಯೀಕರಣ ಎಂದು ಹೇಳಿ ನೀವು ತಗಡಿನ ಬೇಲಿ ಹಾಕಿದಿರಿ. ಒಳಗೆ ಪಂಪು ಇಟ್ಟು ಬಾವಿಯ ನೀರನ್ನು ಚರಂಡಿಗೆ ಬಿಟ್ಟಿರಿ. ಬೀದಿಯಲ್ಲಿ ತಿಳಿನೀರು ಹರಿಯುತ್ತಿರುವುದನ್ನು ಕಂಡು ಆಂಜಿನಯ್ಯನವರು ಬಕೆಟ್ ಹಿಡಿದು ಓಡಿದರು, ಕಾವಲಿನವನು ಗದರಿಸಿದ. ಸಂಜೆ ಖಾಲಿಯಾದ ಬಾವಿ ಬೆಳಿಗ್ಗೆ ಮತ್ತೆ ತುಂಬಿರುತ್ತಿತ್ತು. ನಿಮ್ಮ ಇಂಜಿನಿಯರರು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದನ್ನು ನಾನೇ ಬೇಲಿಯ ಈಚೆ ನಿಂತು ಕೇಳಿದೆ: "ಏನ್ ಮಾಡೋದು ಸಾರ್, ಈ ಬಾವಿ ಸಾಯ್ತಾನೇ ಇಲ್ಲ." ಆಮೇಲೆ ಲಾರಿಗಳಲ್ಲಿ ಕಟ್ಟಡದ ಅವಶೇಷ ಬಂತು. ಬಾವಿ ಸತ್ತಿತು. ಪೆಟ್ಟಿಗೆ ಹೂಳಲು ಗುಂಡಿ ಅಗೆಯುವ ಖರ್ಚು ಉಳಿಯಿತು ಎಂದು ನಿಮ್ಮ ಕರಪತ್ರದಲ್ಲಿ ಹೆಮ್ಮೆಯಿಂದ ಬರೆದುಕೊಂಡಿದ್ದೀರಿ.

ಸಮಾರಂಭಕ್ಕೆ ನಾವು ಹೋದದ್ದು ಮೊಮ್ಮಗಳ ಕಾರಣಕ್ಕೆ. ನೂರು ವರ್ಷದ ನಂತರ ಪೆಟ್ಟಿಗೆ ತೆರೆಯುವ ಮುಖ್ಯ ಅತಿಥಿಯಾಗಿ ಈ ವಾರ್ಡಿನಲ್ಲಿ ಇತ್ತೀಚೆಗೆ ಹುಟ್ಟಿದ ಮಗುವೊಂದನ್ನು ಆರಿಸಿದ್ದೀರಿ, ಅದು ನಮ್ಮ ಸುಪ್ರಜಾ. ಕರಿಕಲ್ಲಿನ ಮೇಲೆ ಅವಳ ಹೆಸರೂ ಇದೆ: 'ಈ ಪೆಟ್ಟಿಗೆಯನ್ನು ತೆರೆಯುವವರು ಕುಮಾರಿ ಸುಪ್ರಜಾ'. ನೀವೇ ಸ್ವತಃ ಅವಳಿಗೆ ಮೈಸೂರು ಪೇಟ ತೊಡಿಸಿದಿರಿ. ಅದು ಜಾರಿ ಕಣ್ಣು, ಮೂಗು ಎಲ್ಲ ಮುಚ್ಚಿ ಮಗು ಕಿಟಾರನೆ ಕಿರುಚಿತು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ನೀವು ನನ್ನ ಹೆಂಡತಿ ಕಾವೇರಮ್ಮನ ಮುಂದೆ ಮೈಕು ಹಿಡಿದು, "ಅಜ್ಜಿ, ನೂರು ವರ್ಷ ಬಾಳು ಅಂತ ಆಶೀರ್ವಾದ ಮಾಡಿ, ಕ್ಯಾಮೆರಾ ಕಡೆ ನೋಡಿ" ಎಂದಿರಿ.

ಕಾವೇರಮ್ಮ ನಮ್ಮ ಬೀದಿಯ ಆಶೀರ್ವಾದದ ಗುತ್ತಿಗೆದಾರಳು. ಹಾಲು ಹಾಕುವವನ ಮಗ ಪಾಸಾದರೂ, ಯಾರದೋ ನಾಯಿ ಮರಿ ಹಾಕಿದರೂ ನೂರು ವರ್ಷ ಬಾಳಿ ಎಂದು ಹರಸಿಯೇ ತೀರುವವಳು. ಅಂದು ಅವಳು ಬಾಯಿ ತೆರೆದಳು, ಮಗುವನ್ನು ನೋಡಿದಳು, ಕಾಲಡಿಯ ಹೊಸ ಕಾಂಕ್ರೀಟು ನೋಡಿದಳು. ಮಾತು ಹೊರಡಲಿಲ್ಲ. ವಯಸ್ಸಾಗಿದೆ, ಭಾವುಕರಾಗಿದ್ದಾರೆ ಎಂದು ನೀವು ಸಭೆಗೆ ವಿವರಣೆ ಕೊಟ್ಟಿರಿ. ಮನೆಗೆ ಬಂದ ಮೇಲೆ ಕೇಳಿದೆ, ಏನಾಯ್ತೇ ನಿನಗೆ ಎಂದು. "ನೂರು ವರ್ಷ ಆದ್ಮೇಲೆ ಊರು ಹೀಗಿರುತ್ತೆ ಅಂತ ಅವ್ರು ಹಂಚಿದ ಬಣ್ಣದ ಪುಸ್ತಕ ನೋಡಿದ್ರಾ? ಹಾರೋ ಕಾರಿದೆ, ಗಾಜಿನ ಗೋಪುರ ಇದೆ. ಒಂದು ಬಿಂದಿಗೆ ನೀರು ಎಲ್ಲೂ ಇಲ್ಲ. ಅಂಥಾ ಕಡೆ ನೂರು ವರ್ಷ ಬಾಳು ಅಂದ್ರೆ ಅದು ಆಶೀರ್ವಾದಾನಾ, ಶಾಪಾನಾ? ನಂಗೆ ಗೊತ್ತಾಗ್ಲಿಲ್ಲ ಕಣ್ರೀ, ನುಂಗ್ಬಿಟ್ಟೆ" ಎಂದಳು. ನಾನು ಅಂಗಡಿಗೆ ಹೋಗಿ ಆ ಪುಸ್ತಕ ಬಿಡಿಸಿದೆ.

ಆಗ ನನಗೂ ನಿಮ್ಮಂತೆ ಮುನ್ನೋಟ ಕಾಣಲಾರಂಭಿಸಿತು. ಇದು ಬರೀ ನನ್ನ ಊಹೆ, ತಪ್ಪಾದರೆ ನನಗಿಂತ ಸಂತೋಷಪಡುವವರು ಯಾರೂ ಇರಲಾರರು. ಸುಪ್ರಜಾ ಶಾಲೆಗೆ ಹೋಗುವ ಹೊತ್ತಿಗೆ ಅವರೆಕಾಯಿ ಎಲ್ಲ ಕಾಲದಲ್ಲೂ ಸಿಗುತ್ತದೆ, ಸೊಗಡು ಮಾತ್ರ ಸಣ್ಣ ಬಾಟಲಿಯಲ್ಲಿ ಬೇರೆಯಾಗಿ ಸಿಗುತ್ತದೆ, ಸಾರು ಇಳಿಸುವಾಗ ಎರಡು ತೊಟ್ಟು ಹಾಕಿಕೊಳ್ಳುವುದು. ಅವಳು ದೊಡ್ಡವಳಾಗುವಾಗ ಯುಗಾದಿಗೆ ಬೇವಿನ ಹೂವು ಇರುವುದಿಲ್ಲ, ಮರಗಳು ಲೆಕ್ಕ ತಪ್ಪಿ ಸಂಕ್ರಾಂತಿಗೇ ಹೂಬಿಟ್ಟು ಉದುರಿಸಿರುತ್ತವೆ. ಬೇವಿಲ್ಲದ ಬೆಲ್ಲ ಹಂಚಿಕೊಂಡು ಜನ ಹಬ್ಬ ಮಾಡುತ್ತಾರೆ, ಕಹಿಗೇನು ಕೊರತೆ ಇರುವುದಿಲ್ಲ. ವರ್ಷದ ಮಳೆಯೆಲ್ಲ ನಾಲ್ಕು ಸಂಜೆಗಳಲ್ಲಿ ಸುರಿದು, ಓಕಳಿಪುರಂ ಕೆಳಸೇತುವೆಯಲ್ಲಿ ಬಸ್ಸು ಮುಳುಗಿಸಿ, ಇಂಗುವುದಕ್ಕೆ ಒಂದು ಅಂಗೈ ಮಣ್ಣು ಸಿಗದೆ ತಮಿಳುನಾಡಿನ ಕಡೆಗೆ ಹರಿದುಹೋಗುತ್ತದೆ. ಮಾರನೆಯ ದಿನ ನಲ್ಲಿಯಲ್ಲಿ ಗಾಳಿ. ಮಾರುಕಟ್ಟೆಯಲ್ಲಿ ಕನಕಾಂಬರದ ಗುಡ್ಡೆಯ ಮೇಲೆ ಜೇನ್ನೊಣ ಕೂರುವುದು ನಿಲ್ಲುತ್ತದೆ, ಅದನ್ನು ಯಾರೂ ಗಮನಿಸುವುದೂ ಇಲ್ಲ. ಹಗಲು ಹೊರಗೆ ಹೋಗಬಾರದು ಎಂಬ ಆದೇಶ ಮೊದಲು ಮೇ ತಿಂಗಳಿಗೆ, ಆಮೇಲೆ ಏಪ್ರಿಲ್‌ಗೆ, ಆಮೇಲೆ ಯಾವುದಕ್ಕೆ ಎಂದು ಹೇಳುವ ಅಗತ್ಯವೇ ಇಲ್ಲದಂತೆ ಬರುತ್ತದೆ. ಬೆಂಗಳೂರಿನಲ್ಲಿ ಫ್ಯಾನ್ ಇಲ್ಲದ ಮನೆಗಳಿದ್ದವು ಎಂದು ಅವಳು ತನ್ನ ಮೊಮ್ಮಕ್ಕಳಿಗೆ ಹೇಳಿದರೆ ಅಜ್ಜಿಗೆ ಅರಳುಮರಳು ಎನ್ನುತ್ತಾರೆ.

ಕೊನೆಗೆ ಆ ದಿನ ಬರುತ್ತದೆ. ನಿಮ್ಮ ಮುಖ್ಯ ಅತಿಥಿ, ಹಣ್ಣು ಹಣ್ಣು ಮುದುಕಿ, ಬದುಕಿದ್ದರೆ, ಕೋಲೂರಿಕೊಂಡು ಆ ಕರಿಕಲ್ಲಿನ ಹತ್ತಿರ ಬರುತ್ತಾಳೆ. ಬಾಯಾರಿರುತ್ತದೆ. ಪೆಟ್ಟಿಗೆ ತೆರೆಯುತ್ತಾಳೆ. ಒಳಗೆ ಒಂದು ಬಣ್ಣದ ಪುಸ್ತಕ, ನಿಮ್ಮ ಭಾವಚಿತ್ರ, ಮುಗ್ಗಿದ ಉಪ್ಪುಬೇಳೆ. ಆ ಬೇಳೆಯನ್ನು ಯಾರೋ ಶ್ರದ್ಧೆಯಿಂದ ಮಣ್ಣಿಗೆ ಹಾಕಿ, ಪಡಿತರದ ನೀರನ್ನು ಉಳಿಸಿ ಹನಿಸಿ, ಕಾಯುತ್ತಾರೆ. ತಾವು ನಿಂತಿರುವ ಜಾಗದ ಕೆಳಗೇ ಒಂದು ಕಾಲಕ್ಕೆ ನೀರುಕ್ಕುವ ಊಟೆ ಇತ್ತೆಂದು ಅವರಿಗೆ ಗೊತ್ತೂ ಇರುವುದಿಲ್ಲ. ಮಾನ್ಯರೇ, ಇದು ನೆನಪಿನ ಪೆಟ್ಟಿಗೆಯೇ? ನನಗೆ ಶವಪೆಟ್ಟಿಗೆಯಂತೆ ಕಾಣುತ್ತದೆ.

ಹವೆಯನ್ನು ಸರಿಮಾಡಿ ಎಂದು ನಾನು ಕೇಳುತ್ತಿಲ್ಲ, ಅದು ನಿಮ್ಮ ಒಬ್ಬರ ಕೈಯಲ್ಲಿಲ್ಲ ಎಂದು ಕಾಂಡಿಮೆಂಟ್ಸ್ ಮಾರುವವನಿಗೂ ಗೊತ್ತು. ಒಂದು ಬಾವಿ ಮಾತ್ರ ನಿಮ್ಮ ಕೈಯಲ್ಲಿದೆ. ಈ ಬೇಸಿಗೆ ಇನ್ನೂ ಶುರುವಾಗಿಲ್ಲ, ಆಗಲೇ ನಲ್ಲಿ ಗೊರಗೊರ ಎನ್ನುತ್ತಿದೆ. ನೂರು ವರ್ಷದ ನಂತರ ಪೆಟ್ಟಿಗೆ ತೆರೆಯಬೇಕಾದ ಮಗುವಿಗೆ ಈ ಏಪ್ರಿಲ್‌ನಲ್ಲಿ ಕುಡಿಯಲು ನೀರು ಬೇಕು. ಯುಗಾದಿಯೊಳಗೆ ಕಲ್ಲು ಎತ್ತಿಸಿ, ಅವಶೇಷ ತೆಗೆಸಿ, ರಾಟೆ ಮತ್ತೆ ಹಾಕಿಸಿ. ಬೇಳೆಯನ್ನು ನನಗೆ ವಾಪಸು ಕೊಡಿ, ಹನುಮಕ್ಕನ ಬಿತ್ತನೆ ಬೀಜವನ್ನು ಪುಕ್ಕಟೆ ಕೊಡುತ್ತೇನೆ. ಅದನ್ನೂ ಜಾರಿನಲ್ಲಿಡಬೇಡಿ, ವರ್ಷವರ್ಷವೂ ಬಿತ್ತಿಸಿ.

ಆದೇಶ ಅಡ್ಡ ಬರುತ್ತದೆ ಎಂದಾದರೆ ಚಿಂತೆ ಬೇಡ, ನಿಮ್ಮ ಕಲ್ಲನ್ನೇ ಇನ್ನೊಮ್ಮೆ ಓದಿ. ತೆರೆಯುವ ಅಧಿಕಾರ ಕುಮಾರಿ ಸುಪ್ರಜಾಳದು ಎಂದು ನೀವೇ ಕೆತ್ತಿಸಿದ್ದೀರಿ. ದಿನಾಂಕವೊಂದೇ ತಪ್ಪಾಗಿರುವುದು. ಯುಗಾದಿಯ ಬೆಳಿಗ್ಗೆ ಬೀದಿಯವರೆಲ್ಲ ಅವಳನ್ನು ಎತ್ತಿಕೊಂಡು ಬರುತ್ತೇವೆ. ಆಂಜಿನಯ್ಯನವರು ಹಾರೆ ತರುತ್ತಾರೆ. ಮಗು ಅದನ್ನು ಮುಟ್ಟಿದರೆ ಸಾಕು, ಮಿಕ್ಕ ಕೈಗಳು ನಮ್ಮವು. ಕೆಳಗೆ ಊಟೆ ಇನ್ನೂ ಬದುಕಿದೆಯೋ ಇಲ್ಲವೋ ನನಗೆ ತಿಳಿಯದು, ಆ ಅನುಮಾನದಲ್ಲಿ ನನಗೆ ನಿದ್ದೆ ಬರುತ್ತಿಲ್ಲ. ನೀರು ಕಂಡ ದಿನ ಕಾವೇರಮ್ಮ ನುಂಗಿದ ಮಾತನ್ನು ಹೊರಗೆ ಹೇಳುತ್ತಾಳೆ. ಅಲ್ಲಿಯವರೆಗೆ ಆ ಮಗುವಿಗೆ ನೂರು ವರ್ಷ ಬಾಳು ಎನ್ನಲು ನಮ್ಮ ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ.

ಇಂತಿ,
ಸೊಗಡಿಲ್ಲದ ಅವರೆ ಮಾರಿ ಬದುಕುತ್ತಿರುವ,
ತಮ್ಮ ಮುಖ್ಯ ಅತಿಥಿಯ ತಾತ,
ರಾಮಸ್ವಾಮಿ
ಮುಚ್ಚಿದ ಬಾವಿಯ ಬೀದಿ, ಚಾಮರಾಜಪೇಟೆ