ಬಾಗಿಲು ಬಡಿಯಬ್ಯಾಡ್ರಿ

ದಾವಣಗೆರೆ
ಶುಕ್ರವಾರ, ೨೨-೮-೨೦೨೫

ತಂಗಿ ಕಾಟಮ್ಮನಿಗೆ,

ಅಕ್ಕ ಕೊಟ್ರವ್ವನ ಆಶೀರ್ವಾದ. ಹರಿಹರಕ್ಕೆ ಫೋನ್ ಮಾಡಬಹುದಿತ್ತು. ಮಾಡಿದರೆ ನೀನು ನಡುನಡುವೆ ಬಾಯಿ ಹಾಕುತ್ತೀಯ, ನನಗೆ ಸಿಟ್ಟು ಬರುತ್ತದೆ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ. ಸುಮ್ಮನೆ ಓದು. ಖುಷಿಗೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಾನು ಬಿಸಿಯೂಟ ಬೇಯಿಸುವ ಶಾಲೆಗೆ ಅಫ್ಘಾನಿಸ್ತಾನದ ಹುಡುಗಿ ಬಂದಿದ್ದಾಳೆ ಅಂದಾಗ, "ಆ ದೇಶದೋರಿಗೆ ನಮ್ ಸಾಲೀನೇ ಬೇಕಿತ್ತಾ" ಅಂದೆಯಲ್ಲ? ಅವಳೇ, ಮರ್ಜಿಯಾ. ಹದಿಮೂರು ವರ್ಷ. ಅಪ್ಪ ಇಲ್ಲಿ ಓದಲು ಬಂದವನು. ಊರು ಕೆಟ್ಟಮೇಲೆ ಹಿಂದಿರುಗಲಾರದೆ ಹೆಂಡತಿ, ಮಗಳನ್ನೂ ಕರೆಸಿಕೊಂಡ. ಹುಡುಗಿಗೆ ಟಿ.ಸಿ. ಇಲ್ಲ. ಅಲ್ಲಿ ದೊಡ್ಡ ಹುಡುಗಿಯರ ಶಾಲೆಗೇ ಬೀಗ, ಟಿ.ಸಿ. ಯಾರು ಕೊಡಬೇಕು? ಇವತ್ತು ಶಿಕ್ಷಣ ಇಲಾಖೆಯ ಸಾಹೇಬರು ಅವಳ ಪರೀಕ್ಷೆಗೆ ಬರುವವರಿದ್ದರು. ಕನ್ನಡ ಓದಿದರೆ ಏಳನೇ ಕ್ಲಾಸು, ಇಲ್ಲದಿದ್ದರೆ ಎರಡನೇ ಕ್ಲಾಸಿನ ಚಿಳ್ಳೆಪಿಳ್ಳೆಗಳ ಜೊತೆ. ಹಾಗಾದರೆ ಶಾಲೆಗೇ ಬರುವುದಿಲ್ಲ ಅಂತ ಅವಳು ಅತ್ತಿದ್ದಳು. ಅವಳಿಗೆ ಅಷ್ಟಿಷ್ಟು ಉರ್ದು ಬರುತ್ತದೆ. ಪಕ್ಕದಲ್ಲಿ ಕೂರುವ ಮುಸರತ್ ಉರ್ದುವಿನಲ್ಲಿ ಬಿಡಿಸಿ ಹೇಳಿ ಕನ್ನಡ ಕಲಿಸಿದ್ದಳು.

ಬೆಳಗ್ಗೆ ಎಸರಿಟ್ಟಿದ್ದೆ. ಕ್ಲಾಸಿನ ಬಾಗಿಲನ್ನು ಯಾರೋ ದಬದಬ ಬಡಿದರು. ಮರುಗಳಿಗೆ ಮರ್ಜಿಯಾ ಹಿಂದಿನ ಬಾಗಿಲಿನಿಂದ ಅಡುಗೆಕೋಣೆಗೆ ನುಗ್ಗಿದಳು. ಮಡಿಲ ತುಂಬ ಪುಸ್ತಕ! ತನ್ನದು, ಮುಸರತ್‌ಳದು, ಅವರ ಕ್ಲಾಸಿನ ಸುಧಾ ಮೇಡಂ ಮೇಜಿನ ಮೇಲಿದ್ದುದೂ. ಎಲ್ಲವನ್ನೂ ಅಕ್ಕಿ ಡ್ರಮ್ಮಿಗೆ ಸುರಿದು, ಮೇಲೆ ಅಕ್ಕಿ ಎಳೆದು, ನನ್ನ ಪಕ್ಕ ಕೂತು ಬದನೆಕಾಯಿ ಹೆಚ್ಚತೊಡಗಿದಳು.

"ಏ ಹುಚ್ಚಿ, ಉಣ್ಣೋ ಅಕ್ಕಿ ಅದು!" ಅಂತ ಕೂಗಿದೆ. ಅವಳು ತಲೆ ಎತ್ತಲಿಲ್ಲ.

ಹಿಂದೆಯೇ ಓಡಿಬಂದ ಮುಸರತ್, "ಅಜ್ಜಿ, ಬೈಬ್ಯಾಡ್ರಿ. ಅವ್ರ ಊರಾಗೆ ಒಂದು ಮನೇಲಿ ಕದ್ದು ಓದ್ತಿದ್ರಂತೆ. ಬಾಗಿಲು ಬಡಿದ್ರೆ ಪುಸ್ತಕ ಹಿಟ್ಟಿನ ಡಬ್ಬಕ್ಕೆ, ಕೈಗೆ ಸೂಜಿದಾರ" ಅಂದಳು.

ಕಾಟಮ್ಮ, ಸಿಟ್ಟು ನೆತ್ತಿಗೇರಿತು. ಅವಳ ಮೇಲಲ್ಲ. ಅಕ್ಕಿ ಉದುರುವ ಪುಸ್ತಕಗಳ ಸಮೇತ ಅವಳನ್ನು ಕ್ಲಾಸಿಗೆ ಎಳೆದುಕೊಂಡು ಹೋದೆ. ಬಾಗಿಲು ಬಡಿದಿದ್ದ ಸಾಹೇಬರು, "ಪರೀಕ್ಷೆ ಅಂದ್ರೆ ಓಡಿಹೋಗೋಳನ್ನ ಏಳನೇ ಕ್ಲಾಸಲ್ಲಿ ಹೆಂಗ್ರಿ ಇಟ್ಕೊಳ್ಳೋದು?" ಅಂತ ಸುಧಾ ಮೇಡಂಗೆ ಕೇಳುತ್ತಿದ್ದರು.

"ಓಡಿಹೋಗಿಲ್ರಿ, ಪುಸ್ತಕ ಉಳ್ಸಾಕೆ ಹೋಗಿದ್ಲು. ಇಲ್ಲಿ ಇನ್ಯಾರಾದ್ರೂ ಉಳಿಸ್ಯಾರೇನ್ರಿ?" ಅಂತ ಶುರುಮಾಡಿ ಎಲ್ಲ ಹೇಳಿಬಿಟ್ಟೆ. ಕೆಲಸ ಹೋದರೆ ಹೋಗಲಿ ಅಂತ.

ಆ ಮನುಷ್ಯ ಬಾಗಿಲು ಎಳೆದುಕೊಂಡು ಹೊರಗೆ ಹೋದರು. ಮುಗೀತು ಅಂದುಕೊಂಡೆ. ಬಾಗಿಲಾಚೆಯಿಂದ ಮೆಲ್ಲಗೆ ಕೇಳಿಸಿತು: "ಮರ್ಜಿಯಾ, ಒಳಗೆ ಬರ್ಲೇನಮ್ಮಾ?"

ಅವಳು ನನ್ನ ಮುಖ ನೋಡಿದಳು. "ಬರ್ರಿ," ಅಂದಳು. ಆಮೇಲೆ, "ಕೂಡ್ರಿ."

ಸಾಹೇಬರು ಕೊನೇ ಬೆಂಚಿನಲ್ಲಿ ಕೂತರು. ಪುಸ್ತಕದ ಅಕ್ಕಿ ಝಾಡಿಸಿ ಓದಿದಳು ನೋಡು! ಮೊದಲ ಸಾಲಿಗೆ ತಡವರಿಸಿದಳು, ಆಮೇಲೆ ಹರಿಹರದ ನಾನ್‌ಸ್ಟಾಪ್ ಬಸ್ಸಿನ ಹಾಗೆ ಎಲ್ಲೂ ನಿಲ್ಲಲಿಲ್ಲ. ಏಳನೇ ಕ್ಲಾಸು ಖಾಯಂ! ಹುಡುಗರು ಬೆಂಚು ಕುಟ್ಟಿದರು. "ಸದ್ದು ಬ್ಯಾಡ್ರೋ" ಅಂತ ಮುಸರತ್ ತಡೆದರೆ, ಮರ್ಜಿಯಾನೇ ಒಂದು ಸಲ ಕುಟ್ಟಿ ನಕ್ಕಳು.

ಇವತ್ತಿನ ಅನ್ನ ತಳ ಹಿಡಿಯಿತು. ಯಾರೂ ತಕರಾರು ತೆಗೆಯಲಿಲ್ಲ.

ಭಾನುವಾರ ಬಾ. ಅವಳನ್ನೂ ಮನೆಗೆ ಕರೆದಿದ್ದೇನೆ. ಬಾಗಿಲು ಬಡಿಯಬೇಡ, ಹೆಸರು ಹಿಡಿದು ಕೂಗು.

ಬೈದರೂ ನಿನ್ನವಳೇ ಆದ ಅಕ್ಕ,
ಕೊಟ್ರವ್ವ

ತಾ.ಕ.: ನಗುವುದಿಲ್ಲ ಅಂದರೆ ಒಂದು ಮಾತು. ಅವಳು ಸುರಿಯುವ ಮೊದಲೇ ಆ ಡ್ರಮ್ಮಿನಲ್ಲಿ ಒಂದು ಪುಸ್ತಕ ಇತ್ತು. ನಾಲ್ಕನೇ ಕ್ಲಾಸಿನ ಕನ್ನಡ. ಬಚ್ಚಿಟ್ಟವಳು ನಾನು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಲ್ಲವಾ. ಮಧ್ಯಾಹ್ನ ಅದು ಅವಳ ಕೈಗೆ ಸಿಕ್ಕಿತು. ನಾವು ಸೆರಗಿನಿಂದ ಒರೆಸುವ ಹಾಗೆ ದುಪಟ್ಟಾದಿಂದ ಒರೆಸಿ, ಒಲೆಯ ಪಕ್ಕದ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟು ಹೋದಳು.