ಅಕ್ಕ ಟೈಮಿಗೆ ಸರಿಯಾಗಿ ಹಾಡಿದ ದಿನ

ಮಾರ್ಚ್ ೧೪, ಗುರುವಾರ

ನನ್ನ ಬಾಯಿಗೆ ಬೀಗ ಹಾಕಬೇಕು. ಮೂರು ವಾರ ಕೂತು ಹದಿನೇಳು ಜನರ ಬ್ಯಾಂಡಿಗೆ ಜಾಜ್‌ನ ತೂಗಾಡುವ ಧಾಟಿಯ ಒಂದು ಸ್ವಿಂಗ್ ಹಾಡನ್ನು, ಯಾವ ವಾದ್ಯ ಎಲ್ಲಿ ನುಡಿಯಬೇಕೆಂದು ಬರೆದು, ಅರೇಂಜ್ ಮಾಡಿದ್ದೆ. ಹಾಡುವವಳು ನನ್ನ ಅಕ್ಕ. ಅವಳು ಹುಟ್ಟಿದ್ದೇ ಹತ್ತು ದಿನ ತಡವಾಗಿ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಹಾಡಿನಲ್ಲೂ ಅಷ್ಟೇ, ಪ್ರತಿ ಸಾಲನ್ನೂ ಚೂರು ತಡವಾಗಿ ಎತ್ತುತ್ತಾಳೆ. ಅದರ ಬಾಲ ಹೋಗಿ ನನ್ನ ಟ್ರಂಪೆಟ್‌ಗಳ ಮೇಲೆ ಬೀಳುತ್ತದೆ. ಇವತ್ತು ಸ್ಟುಡಿಯೋದಲ್ಲಿ ಎಲ್ಲರ ಮುಂದೆ ರೇಗಿಬಿಟ್ಟೆ.

"ಅಕ್ಕಾ, ಒಂದ್ಸಲ ಆದ್ರೂ ಟೈಮಿಗೆ ಸರಿಯಾಗಿ ಹಾಡು!"

ಹಾಡಿದಳು. ಗಡಿಯಾರವೇ ನಾಚಬೇಕು, ಅಷ್ಟು ಸರಿಯಾಗಿ. ಮೇಷ್ಟರು ಹಾಜರಿ ಕೂಗಿದ ಹಾಗಿತ್ತು. ಡ್ರಮ್ಸ್‌ನವರು ಕೋಲು ಕೆಳಗಿಟ್ಟು ಸೂರು ನೋಡುತ್ತ ಕೂತರು.

"ಮೊದಲಿನ ಥರಾನೇ ಹಾಡಕ್ಕ," ಎಂದು ಗೊಣಗಿದೆ.

"ಕೇಳಿಸ್ಲಿಲ್ಲ ಕಣೋ. ಮೈಕಲ್ಲಿ ಹೇಳು."

ಹೇಳಿದೆ. ಹದಿನೇಳು ಹೆಡ್‌ಫೋನಿಗೂ ಹೋಯಿತು. ಆಮೇಲೆ ಅವಳು ತನ್ನ ಪಾಡಿಗೆ ತಾನು ತಡಮಾಡಿದಳು. ನಾನು ಬಾಯಿ ಮುಚ್ಚಿಕೊಂಡು ಟ್ರಂಪೆಟ್‌ಗಳನ್ನೇ ಅರ್ಧ ಬೀಟ್ ಹಿಂದಕ್ಕೆ ಸರಿಸಿದೆ. ಹಾಡು ಉಯ್ಯಾಲೆಯ ಹಾಗೆ ತೂಗಿತು. ಕೇಳಿ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು.

ನಾಳೆ ಹತ್ತು ಗಂಟೆಗೆ ಎರಡನೇ ಹಾಡು. ಅಕ್ಕನಿಗೆ ಒಂಬತ್ತಕ್ಕೆ ಅಂತ ಹೇಳಿದ್ದೇನೆ.